ಐವತ್ತು ಹೆಜ್ಜೆಗೆ ಸಮುದ್ರ

ಹೋದ ತಿಂಗಳು ಒಂದು ಸಂಜೆ, ದುಬೈಯ ಕರಾಮದ ನಮ್ಮ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದಾಗ ಎರಡನೇ ಮಹಡಿಯಲ್ಲಿ ಕಾಲು ತನ್ನಷ್ಟಕ್ಕೇ ನಿಂತಿತು. ಯಾರದೋ ಮನೆಯ ಬಾಗಿಲು ತೆರೆದಿತ್ತು. ಒಳಗೆ ಬಾಲ್ಕನಿಯಲ್ಲಿ ಬಿಂಬುಳಿ ಕಾಯಿ ಒಣಗಲು ಹಾಕಿದ್ದರು. ಉಪ್ಪು ಹಚ್ಚಿ ಬಿಸಿಲಿಗಿಟ್ಟ ಬಿಂಬುಳಿ ಸುಕ್ಕುಗಟ್ಟಿ ಕಂದು ಬಣ್ಣಕ್ಕೆ ತಿರುಗಿದಾಗ ಅದಕ್ಕೊಂದು ವಾಸನೆ ಬರುತ್ತದೆ, ಹುಳಿಯೂ ಹೌದು, ಕಡಲಿನದ್ದೂ ಹೌದು. ಊರಲ್ಲಿ, ನಮ್ಮ ಶಿರ್ವದ ಮನೆಯಲ್ಲಿ ಬಿಂಬುಳಿಯನ್ನು ಹಸಿಯಾಗಿಯೇ ಮೀನು ಸಾರಿಗೆ ಹಾಕುತ್ತಿದ್ದರು, ಮಿಕ್ಕಿದ್ದು ಉಪ್ಪಿನಕಾಯಿ. ಹೀಗೆ ಒಣಗಿಸಿ ಡಬ್ಬಿಯಲ್ಲಿಡುವವಳನ್ನು ನಾನು ಕಂಡದ್ದು ಒಬ್ಬಳನ್ನೇ. ಅವಳ ನೆನಪಾದರೆ ನನಗೆ ಈಗಲೂ ಹೆದರಿಕೆಯಾಗುತ್ತದೆ. ತರಕಾರಿ ಚೀಲ ಕೆಳಗಿಟ್ಟು ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತೆ.

ಅವಳನ್ನು ಕಂಡ ಆ ವರ್ಷ ನನ್ನನ್ನು ನಮ್ಮ ಕ್ಲಿನಿಕ್ಕಿನ ಖಲೀಫಾ ಸಿಟಿ ಶಾಖೆಗೆ ಹಾಕಿದ್ದರು. ಗಂಡ ವಲೇರಿಯನ್ನನ ಹೋಟೆಲ್ ಕೆಲಸ, ಮಗಳು ಶರಲ್‌ಳ ಊದ್ ಮೇಥಾದ ಶಾಲೆ, ಎರಡೂ ದುಬೈಯಲ್ಲಿ. ಒಂದು ವರ್ಷ ತಾನೇ ಎಂದು ನಾನೊಬ್ಬಳೇ ಅಬುಧಾಬಿಗೆ ಹೋದೆ. ವಾರವಿಡೀ ಅಲ್ಲಿ, ಶುಕ್ರವಾರ ಮಧ್ಯಾಹ್ನ ಕೆಲಸ ಮುಗಿಸಿ ದುಬೈ ಬಸ್ಸು. ನನ್ನದು ರಿಸೆಪ್ಶನ್ ಕೆಲಸ. ಫಾರಂ ಮುಂದಿಡುವುದು, ಸಹಿ ಬೀಳಬೇಕಾದಲ್ಲಿ ಹಳದಿ ಚೀಟಿ ಅಂಟಿಸುವುದು, ‘ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ’ ಎಂದು ಬೆರಳು ತೋರಿಸುವುದು. ಹದಿನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೆ. ಓದಿ ಸಹಿ ಮಾಡುವ ರೋಗಿಯನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಹಿಂದೆ ಸಾಲು ಬೆಳೆಯುತ್ತದಲ್ಲ!

ಉಳಿದುಕೊಂಡದ್ದು ಒಂದು ವಿಲ್ಲಾದಲ್ಲಿ. ವಿಲ್ಲಾ ಎಂದು ಊರಿಗೆ ಫೋನಿನಲ್ಲಿ ಹೇಳಿದರೆ ಅತ್ತಿಗೆಗೆ ಹೊಟ್ಟೆಕಿಚ್ಚು. ಅದರ ಒಳಗೆ ಪ್ಲೈವುಡ್ ಗೋಡೆ ಹಾಕಿ ಹನ್ನೊಂದು ಕೋಣೆ ಮಾಡಿದ್ದಾರೆ, ಆಚೆಯವರ ಕೆಮ್ಮು ಈಚೆ ಕೇಳುತ್ತದೆ, ಮುನಿಸಿಪಾಲಿಟಿಯವರು ಬಂದರೆ ಎಲ್ಲರೂ ರಸ್ತೆಗೇ ಎಂದು ಅವಳಿಗೆ ಯಾರು ಹೇಳಬೇಕು? ವಿಮಾನಗಳು ತಲೆಯ ಮೇಲೇ ಇಳಿಯುತ್ತಿದ್ದವು. ಆಗಸ್ಟಿನ ಸೆಕೆಯಲ್ಲಿ ಕಿಟಕಿಯ ಗಾಜು ಹೊರಗಿನಿಂದ ಬೆವರುತ್ತಿತ್ತು. ನನ್ನ ಕೋಣೆಯ ಇನ್ನೊಂದು ಮಂಚ ರಹ್ಮಾಳದ್ದು.

ರಹ್ಮಾ ಇಂಡೋನೇಷ್ಯಾದವಳು, ಆಚೆ ಎಂಬ ಸೀಮೆಯ ಒಂದು ಕಡಲ ದಂಡೆಯ ಹಳ್ಳಿಯವಳು. ವಯಸ್ಸು ಮೂವತ್ತೈದರ ಆಚೀಚೆ. ಹತ್ತಿರದ ಲೇಡೀಸ್ ಸಲೂನಿನಲ್ಲಿ ಕೆಲಸ. ಗಂಡ ಮಲೇಷ್ಯಾಕ್ಕೆ ಹೋದವನು ಹಿಂತಿರುಗಲಿಲ್ಲ, ಹದಿನಾರರ ಮಗಳು ನಿಸಾ ಊರಿನಲ್ಲಿ ರಹ್ಮಾಳ ಚಿಕ್ಕಪ್ಪನ ಆಸರೆಯಲ್ಲಿದ್ದಳು. ನಮ್ಮಿಬ್ಬರ ಮಾತು ಮುರುಕು ಇಂಗ್ಲಿಷು, ನಡುನಡುವೆ ಅರಬ್ಬಿ, ಸಿಕ್ಕಿದಷ್ಟು ಹಿಂದಿ. ಅವಳು ನನ್ನನ್ನು ಅವರ ಕಡೆಯ ಮಾತಿನಲ್ಲಿ ಅಕ್ಕ ಎಂದೇ ಕರೆಯುತ್ತಿದ್ದಳು. ಮೊದಲ ವಾರ ಅಡುಗೆಮನೆಯಲ್ಲಿ ಅವಳು ಬಂಗುಡೆಗೆ ಆ ಕಂದು ಹುಳಿಯನ್ನು ಹಾಕುವುದನ್ನು ನೋಡಿ ಡಬ್ಬಿ ಎತ್ತಿ ಮೂಸಿದೆ. ಬಿಂಬುಳಿ! ಮನೆಯ ಹಿಂದಿನ ಮರದ್ದು, ಒಂದು ಹಿಡಿ ಹಾಕಿದರೆ ಸಾಕು ಎಂದಳು. ಆ ದಿನದಿಂದ ನಮ್ಮ ಒಲೆ ಒಂದೇ ಆಯಿತು.

ಅವಳ ಊರಿನ ಕಥೆ ನನಗೆ ಬಾಯಿಪಾಠವಾಗಿತ್ತು. ಮುಂದೆ ಸಮುದ್ರ, ಹಿಂದೆ ಗದ್ದೆ, ಗದ್ದೆಯ ಆಚೆ ಬೆಟ್ಟ. ಶುಕ್ರವಾರ ಯಾರೂ ದೋಣಿ ಇಳಿಸುವುದಿಲ್ಲ. ಮನೆ ಕಂಬಗಳ ಮೇಲೆ, ಮೆಟ್ಟಿಲಿನ ಬುಡದಲ್ಲಿ ನೀರಿನ ಗುಡಾಣ, ಕಾಲು ತೊಳೆಯದೆ ಯಾರೂ ಹತ್ತುವ ಹಾಗಿಲ್ಲ. ಅವರಲ್ಲಿ ಮನೆ ಮಗಳಿಗೆ. ಮದುವೆಯಾದ ಮೇಲೆ ಗಂಡನೇ ಹೆಂಡತಿಯ ಮನೆಗೆ ಬರಬೇಕು. ಹೆಂಡತಿಗೆ ಅವರ ಮಾತಿನಲ್ಲಿ ‘ಪೊ ರುಮೊ’ ಎನ್ನುತ್ತಾರಂತೆ, ಮನೆಯ ಒಡತಿ ಎಂದು ಅರ್ಥ. ಗಂಡ ಎಷ್ಟು ವರ್ಷ ಇದ್ದರೂ ಒಂದು ಬಗೆಯ ನೆಂಟ.

“ಹಾಗಾದರೆ ಜಗಳವಾದರೆ ಚೀಲ ಹಿಡಿದು ಹೊರಡುವವ ಅವನಾ?” ಎಂದು ಕೇಳಿದೆ.

“ಮತ್ತೆ? ಮನೆ ಎಲ್ಲಿಗೆ ಹೋಗುತ್ತದೆ ಅಕ್ಕಾ?” ಎಂದು ನಕ್ಕಳು.

ನನಗೆ ನಿಜವಾಗಿ ಹೊಟ್ಟೆ ಉರಿಯಿತು. ನಮ್ಮಲ್ಲಿ ಹೆಣ್ಣಿಗೆ ಒಂದಷ್ಟು ಬಂಗಾರ ಹಾಕಿ ಕಳಿಸಿದರೆ ಮುಗಿಯಿತು, ಮನೆ ಕಿರಿಯ ಮಗನದ್ದು. ಮೂಲೆಯ ಗ್ರೋಸರಿಯ ಹಮೀದಾಕನಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅವರು ಉಳ್ಳಾಲದ ಕಡೆಯ ಬ್ಯಾರಿ, ಮೂವತ್ತು ವರ್ಷದಿಂದ ಅಲ್ಲೇ ಅಂಗಡಿ, ನನ್ನನ್ನು ಕರೆಯುವುದು ಊರಿನ ಕ್ರಮದಲ್ಲೇ ‘ಬಾಯಿ’ ಎಂದು. “ನಮ್ಮಲ್ಲಿಯೂ ಹಾಗೇ ಅಲ್ವಾ ಬಾಯಿ. ಮದುವೆಯಾಗಿ ಪುದಿಯಾಪ್ಲೆ ಅಂತ, ಹೊಸ ಮದುಮಗ ಅಂತ, ನಾನು ಹೋದದ್ದು ಹೆಂಡತಿ ಮನೆಗೆ. ಈಗಲೂ ರಜೆಗೆ ಹೋದರೆ ನಾನಲ್ಲಿ ನೆಂಟನೇ, ಕೋಳಿ ಕೊಯ್ಯುತ್ತಾರೆ” ಎಂದು ನಗಾಡಿದರು. ಆಮೇಲೆ, “ಆದ್ರೆ ಹೆಂಗಸಿನ ಮನೆ ಉಂಟಲ್ಲ, ಅವಳು ಒಳಗೆ ಇರುವಷ್ಟು ದಿನ ಅವಳದ್ದು. ಹೊರಗೆ ಬಂದಳಾ, ನೋಡಿಕೊಳ್ಳುವವರು ಜಾಸ್ತಿ ಆಗ್ತಾರೆ” ಎಂದರು. ಅದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಳೆಯ ಮನೆಯನ್ನು ಸುನಾಮಿ ತೆಗೆದುಕೊಂಡು ಹೋಗಿತ್ತು. ಆಗ ರಹ್ಮಾ ಶಾಲೆಗೆ ಹೋಗುವ ಹುಡುಗಿ. ಅಮ್ಮ, ಅಜ್ಜಿ, ಇಬ್ಬರು ತಂಗಿಯರು ಯಾರೂ ಸಿಗಲಿಲ್ಲ. ಅವಳ ಕೂದಲು ಹಿಡಿದು ನೀರಿನಿಂದ ಎಳೆದು ಬೆಟ್ಟಕ್ಕೆ ಹತ್ತಿಸಿದವರು ಈ ಚಿಕ್ಕಪ್ಪ. ಮನೆ ಇದ್ದ ಜಾಗದಲ್ಲಿ ಬಾವಿ ಮತ್ತು ಮೆಟ್ಟಿಲಿನ ಕೆಳಗಿನ ಕಲ್ಲು ಮಾತ್ರ ಉಳಿದಿತ್ತು. ಜಾಗ ಅವಳ ಹೆಸರಿಗಾಯಿತು. ಆ ಕಲ್ಲಿನ ಮೇಲೆಯೇ ಗಲ್ಫಿನ ದುಡಿಮೆಯಲ್ಲಿ ಅವಳು ಪುನಃ ಮರದ ಮನೆ ಎಬ್ಬಿಸಿದ್ದಳು. ಡಿಸೆಂಬರಿನಲ್ಲಿ ಕಾಂಟ್ರಾಕ್ಟ್ ಮುಗಿದ ಮೇಲೆ ಊರಿಗೆ ಹೋಗಿ, ನಿಸಾಳ ಮದುವೆಯ ಕಾಲಕ್ಕೆ ಮನೆಯನ್ನು ಅವಳಿಗೆ ಕೊಡಬೇಕು. ರಹ್ಮಾ ಈ ಮರಳುಗಾಡಿಗೆ ಬಂದದ್ದು ಅದೊಂದಕ್ಕೇ.

ಸೆಪ್ಟೆಂಬರಿನಲ್ಲಿ ಚಿಕ್ಕಪ್ಪನ ಫೋನು ಬಂತು. ರಸ್ತೆ ಅಗಲವಾಗುತ್ತಿದೆ, ಅಲೆಯ ಮೇಲೆ ಹಲಗೆ ಆಡುವ ಬಿಳಿಯರು ಬರತೊಡಗಿದ್ದಾರೆ, ಮನೆ ಖಾಲಿ ಬಿದ್ದಿದೆ, ಹೋಮ್‌ಸ್ಟೇ ಮಾಡೋಣ ಎಂದು. ರಹ್ಮಾಳಿಗಿಂತ ಹೆಚ್ಚು ಕುಣಿದದ್ದು ನಾನು. ವಲೇರಿಯನ್ನನಿಗೆ ಹೇಳಿದರೆ ಅವನು, “ಹೋಗಿ ಬರುವ ಮಾರಾಯ್ತಿ, ಗೋವಾ ನೋಡಿ ನೋಡಿ ಸಾಕಾಯ್ತು” ಎಂದ. ಇಂಟರ್ನೆಟ್ಟಿನಲ್ಲಿ ಹಾಕಲು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬೇಕಿತ್ತು. ಅದಕ್ಕೆ ಊರಿಗೊಬ್ಬಳೇ ಪದ್ಮಾವತಿ ನಾನು! ಫೋಟೋ ನೋಡಿ ನೋಡಿ ಬರೆದೆ. ಮರದ ಮೆಟ್ಟಿಲು, ಗುಡಾಣ, ಹಿತ್ತಲಿನ ಬಿಂಬುಳಿ, ದಂಡೆಯ ಗಾಳಿಮರಗಳ ಸಾಲು. ಕೊನೆಗೆ, ಐವತ್ತು ಹೆಜ್ಜೆಗೆ ಸಮುದ್ರ.

ರಹ್ಮಾ ಆ ಸಾಲಿನ ಮೇಲೆ ಬೆರಳಿಟ್ಟಳು. “ಅಕ್ಕಾ, ಸಮುದ್ರಕ್ಕೆ ಹೆಜ್ಜೆ ನಾವು ಎಣಿಸುವುದಿಲ್ಲ. ಬೆಟ್ಟಕ್ಕೆ ಎಣಿಸುತ್ತೇವೆ. ಮನೆಯಿಂದ ಬೆಟ್ಟಕ್ಕೆ ಒಂಬೈನೂರ ಇಪ್ಪತ್ತು. ನಿಸಾಳಿಗೆ ಕಣ್ಣುಮುಚ್ಚಿ ನಡೆಯಲು ಕಲಿಸಿದ್ದೇನೆ.”

“ಬರುವವರು ಬೆಟ್ಟ ನೋಡಲು ಬರುತ್ತಾರಾ?” ಎಂದೆ. ಸಾಲು ಹಾಗೇ ಹೋಯಿತು.

ಹತ್ತು ದಿನದಲ್ಲಿ ಚಿಕ್ಕಪ್ಪ ಒಂದು ಕಾಗದ ಕಳಿಸಿದರು. ಪಂಚಾಯಿತಿ, ಕರೆಂಟು, ಪರವಾನಗಿ ಎಂದು ಓಡಾಡಲು ರಹ್ಮಾಳ ಪರವಾಗಿ ಅವರಿಗೆ ಅಧಿಕಾರ ಬೇಕು, ಮುಖ್ತಾರನಾಮೆ. ಅವಳು ಅದನ್ನು ಪ್ರಿಂಟ್ ತೆಗೆಸಿ ಕ್ಲಿನಿಕ್ಕಿಗೆ ತಂದದ್ದು ಶುಕ್ರವಾರ ಮಧ್ಯಾಹ್ನ. ಹೊರಗೆ ಧೂಳಿನ ಗಾಳಿ, ರಸ್ತೆಯ ಆಚೆಯ ಮಸೀದಿ ಕಾಣಿಸುತ್ತಿರಲಿಲ್ಲ. ನನ್ನ ಬಸ್ಸಿಗೆ ಅರ್ಧ ಗಂಟೆ. ನಾಲ್ಕು ಪುಟ, ಎಡಕ್ಕೆ ಇಂಗ್ಲಿಷು, ಬಲಕ್ಕೆ ಅವಳ ದೇಶದ ಭಾಷೆ, ಅಕ್ಷರ ಸಾಸಿವೆಯಷ್ಟು.

“ನೀನು ಓದಿದೆಯಾ?” ಎಂದೆ.

“ಇದು ಆಫೀಸಿನ ಮಾತು ಅಕ್ಕಾ, ನನಗೆ ತಿಳಿಯುವುದಿಲ್ಲ. ನೀರಿನಿಂದ ಎಳೆದು ಹಾಕಿದವರು ಕಳಿಸಿದ ಕಾಗದ, ನಾನು ಏನು ಓದುವುದು? ನೀನೊಮ್ಮೆ ನೋಡಿ ಹೇಳು. ಆದರೆ ಇವತ್ತು ಶುಕ್ರವಾರ...”

“ಶುಕ್ರವಾರ ದೋಣಿ ಇಳಿಸಬಾರದು ಸರಿ, ಇದು ಕಾಗದ” ಎಂದು ತಮಾಷೆ ಮಾಡಿದೆ. ಮೊದಲ ಪ್ಯಾರಾ ಕಣ್ಣಾಡಿಸಿದೆ. ನೋಡಿಕೊಳ್ಳಲು, ರಿಪೇರಿ ಮಾಡಿಸಲು, ಅರ್ಜಿ ಹಾಕಲು ಎಂದಿತ್ತು. ಸರಿಯಿದೆ ಎಂದೆ. ಮುಂದಿನ ಪುಟಗಳನ್ನು ನನ್ನ ಕೈ ತಾನಾಗಿಯೇ ತಿರುಗಿಸಿತು, ಹಳದಿ ಚೀಟಿ ಅಂಟಿಸಿತು. ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ. ಸಾಕ್ಷಿ ಎಂದಿದ್ದಲ್ಲಿ ನನ್ನದೇ ಸಹಿ ಹಾಕಿ, ಅಭ್ಯಾಸಬಲದಿಂದ ಒಂದು ಜೆರಾಕ್ಸ್ ಪ್ರತಿ ತೆಗೆದು ಡ್ರಾಯರಿಗೆ ಹಾಕಿದೆ. “ಸೋಮವಾರ ನಿಮ್ಮ ಎಂಬೆಸಿಯಲ್ಲಿ ಮುದ್ರೆ ಹಾಕಿಸುವಾಗ ಅರ್ಥವಾಗಿದೆಯಾ ಎಂದು ಕೇಳುತ್ತಾರೆ. ಹೌದು ಎನ್ನು. ಇಲ್ಲದಿದ್ದರೆ ಇನ್ನೊಂದು ದಿನ ಅಲೆಯಬೇಕಾಗುತ್ತದೆ.” ಅವಳು ಹಾಗೆಯೇ ಹೇಳಿ ಮುದ್ರೆ ಹಾಕಿಸಿಕೊಂಡು ಬಂದಳು.

ಆಮೇಲೆ ವೀಡಿಯೊ ಕಾಲುಗಳಲ್ಲಿ ಒಂದೊಂದೇ ವಸ್ತು ಇಲ್ಲವಾಗತೊಡಗಿತು. ನಿಸಾ ಫೋನ್ ಹಿಡಿದು ಮನೆಯ ಸುತ್ತ ತೋರಿಸುತ್ತಿದ್ದಳು. ಮೊದಲ ವಾರ ಬಾವಿಯ ಪಕ್ಕದ ಕೋಳಿಗೂಡು ಇಲ್ಲ. ಮರುವಾರ ಅಡುಗೆಮನೆಯ ಗೋಡೆ ಇಲ್ಲ, ದೊಡ್ಡದು ಮಾಡುತ್ತಾರಂತೆ. ಮತ್ತೊಂದು ಸಲ ಫೋನು ಹಿತ್ತಲಿಗೆ ತಿರುಗಿದಾಗ ಆಕಾಶ ಹೆಚ್ಚು ಕಾಣಿಸಿತು. ಬಿಂಬುಳಿಯ ಮರ ಕಡಿದಿದ್ದರು. ರಹ್ಮಾ ಎದ್ದು ಅಡುಗೆಮನೆಗೆ ಹೋಗಿ, ಡಬ್ಬಿಯಲ್ಲಿ ಉಳಿದದ್ದನ್ನು ಅಂಗೈಗೆ ಸುರಿದು ನೋಡಿ, ಪುನಃ ಡಬ್ಬಿಗೇ ಹಾಕಿದಳು. ಅಂದಿನಿಂದ ಸಾರಿಗೆ ಹುಣಿಸೆಹಣ್ಣು.

“ಕಾರಿಗೆ ಜಾಗ ಬೇಕಂತೆ” ಎಂದು ಚಿಕ್ಕಪ್ಪ ಹೇಳಿದ್ದನ್ನು ನನಗೆ ಹೇಳಿದಳು. ಹೇಳುವಾಗ ನನ್ನ ಮುಖ ನೋಡುತ್ತಿದ್ದಳು. ನಾನು, “ಹೌದಲ್ಲ, ಜನ ಬಂದರೆ ಕಾರು ಬರುತ್ತದೆ” ಎಂದೆ.

ಹಮೀದಾಕನ ಅಂಗಡಿಗೆ ಹಾಲಿಗೆ ಹೋದಾಗ ಇದನ್ನೆಲ್ಲ ಹೇಳಿದೆ. ಅವರು ಚಿಲ್ಲರೆ ಕೊಡುವ ಕೈ ನಿಲ್ಲಿಸಿದರು. “ಬಾಯಿ, ಆ ಕಾಗದ ನೀವು ಪೂರ್ತಿ ಓದಿದ್ದೀರಾ?”

“ಓದಿದೆ” ಎಂದೆ.

“ಪೂರ್ತಿ?”

ಚಿಲ್ಲರೆಗೂ ಕಾಯದೆ ಹಾಲು ತೆಗೆದುಕೊಂಡು ಬಂದೆ. ಮರುದಿನ ಊಟದ ಹೊತ್ತಿಗೆ ಡ್ರಾಯರಿನಿಂದ ಪ್ರತಿಯನ್ನು ತೆಗೆದೆ. ಮೂರನೇ ಪುಟ, ಏಳನೇ ಸಾಲು. ಗೇಣಿಗೆ ಕೊಡಲು, ಹೆಸರು ಬದಲಾಯಿಸಲು, ಮಾರಲು. ಅದರ ಪಕ್ಕದಲ್ಲೇ ನಾನು ಅಂಟಿಸಿದ್ದ ಚೀಟಿಯ ನೆರಳು, ಚೌಕವಾಗಿ, ಬೂದು ಬಣ್ಣದಲ್ಲಿ. ಅವಳು ಸಹಿ ಮಾಡಿದ್ದು ಸರಿಯಾಗಿ ಅಲ್ಲೇ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನಮ್ಮಮ್ಮ ಹೇಳುತ್ತಿದ್ದದ್ದು ನನ್ನಂಥವರಿಗೇ ಇರಬೇಕು.

ಆ ದಿನವೇ ಹೇಳಬೇಕಿತ್ತು. ನಾನು ಹೇಳಲಿಲ್ಲ. ಇದನ್ನು ಬರೆಯುವುದು ನನಗೆ ಸುಲಭವಲ್ಲ, ಆದರೂ ಬರೆಯುತ್ತೇನೆ. ನಾಳೆ ಎಂದೆ, ಸೋಮವಾರ ಎಂದೆ, ಅವಳಿಗೆ ಜ್ವರ ಎಂದೆ, ನನಗೆ ತಲೆನೋವು ಎಂದೆ. ಕಾಗದದಲ್ಲಿ ಇದ್ದ ಮಾತ್ರಕ್ಕೆ ಮಾರಿಯೇ ಬಿಡುತ್ತಾರಾ, ಜೀವ ಉಳಿಸಿದ ಮನುಷ್ಯ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಭಾನುವಾರ ಊದ್ ಮೇಥಾದ ಇಗರ್ಜಿಯಲ್ಲಿ ಮೊಣಕಾಲೂರಿ, ದೇವರೇ ಅವರು ಮಾರದೇ ಇರಲಿ ಎಂದು ಬೇಡಿದೆ. ಬೇಡಿದ್ದು ಅವಳಿಗಾಗಿಯಲ್ಲ, ನಾನು ಸಿಕ್ಕಿಬೀಳಬಾರದು ಎಂದು. ಮೂರು ವಾರ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ತಟ್ಟೆಯಿಂದ ಎಂಬಂತೆ ಉಂಡು, ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅವಳು ಮಾತ್ರ ದಿನವೂ ಸಂಜೆ, “ಅಕ್ಕಾ, ಎಲ್ಲ ಸರಿ ಇರುತ್ತದೆ ಅಲ್ವಾ?” ಎಂದು ಕೇಳುತ್ತಿದ್ದಳು. ನಾನು “ಯಲ್ಲಾ, ಊಟ ಮಾಡು” ಎನ್ನುತ್ತಿದ್ದೆ.

ನವೆಂಬರಿನ ಒಂದು ಬೆಳಿಗ್ಗೆ ಮಂಜು ಕವಿದು ವಿಮಾನಗಳ ಸದ್ದೂ ಇರಲಿಲ್ಲ. ಇಬ್ಬರೂ ಕೆಲಸಕ್ಕೆ ಹೊರಡುತ್ತಿದ್ದೆವು. ನಿಸಾಳ ಕಾಲ್ ಬಂತು, ಮಾತಿಲ್ಲ. ಫೋನನ್ನು ಎಲ್ಲೋ ಕಂಬದ ಹಿಂದೆ ಒರಗಿಸಿ ಹಿಡಿದಿದ್ದಳು. ಅವರಲ್ಲಿ ಹೊಸ ಕೆಲಸ ಸುರು ಮಾಡುವ ಮೊದಲು ಮನೆಯನ್ನು ತಂಪು ಮಾಡುವ ಕ್ರಮವಿದೆ. ಹಿರಿಯ ಹೆಂಗಸೊಬ್ಬಳು ಎಲೆಗಳ ಕಟ್ಟನ್ನು ನೀರಿಗೆ ಅದ್ದಿ ಮನೆಯ ಒಡತಿಯ ಮೇಲೆ ಚಿಮುಕಿಸುತ್ತಾಳೆ. ಒಡತಿ ಚಾಪೆಯ ಮೇಲೆ ಕೂತಿರಬೇಕು. ತಾನು ಬಂದ ಮೇಲೆ, ಡಿಸೆಂಬರಿನಲ್ಲಿ ಮಾಡಬೇಕೆಂದು ರಹ್ಮಾ ಎಷ್ಟೋ ಸಲ ಹೇಳಿದ್ದಳು. ಪರದೆಯ ಮೇಲೆ ಮುದುಕಿಯೊಬ್ಬಳು ಎಲೆ ಅದ್ದುತ್ತಿದ್ದಳು. ಚಾಪೆಯ ಮೇಲೆ ಚಂದದ ರೇಷ್ಮೆಯ ತಲೆವಸ್ತ್ರದ ಹೆಂಗಸೊಬ್ಬಳು ಕೂತಿದ್ದಳು, ಊರಿನವಳಲ್ಲ.

“ಅಕ್ಕಾ, ನನ್ನ ಜಾಗದಲ್ಲಿ ಯಾರೋ ಕೂತಿದ್ದಾರೆ” ಎಂದಳು ರಹ್ಮಾ, ಬಹಳ ಮೆತ್ತಗೆ.

ಆಗ ಹೇಳಿದೆ. ಮೂರನೇ ಪುಟ, ಏಳನೇ ಸಾಲು, ಮೂರು ವಾರ. ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. ಚಿಕ್ಕಪ್ಪನಿಗೆ ಫೋನ್ ಮಾಡಿದಳು, ಹನ್ನೆರಡನೇ ಸಲ ಎತ್ತಿಕೊಂಡರು. ಅವರ ಭಾಷೆಯಲ್ಲಿ ಏನೇನೋ ಮಾತಾಯಿತು, ಕೊನೆಗೆ ಅವಳೇ ಕಟ್ ಮಾಡಿದಳು.

“ಎಂತ ಹೇಳಿದರು?” ಎಂದೆ.

“ನಾನು ನಿನ್ನನ್ನು ಎಳೆದ ದಿನ ಆ ಮನೆ ನೀರಿನ ಪಾಲಾಗಿತ್ತು, ಉಳಿದದ್ದು ನೀನು ಮಾತ್ರ, ನಿನ್ನನ್ನು ಉಳಿಸಿಕೊಂಡೆನಲ್ಲ ಎಂದರು.”

ಅಧಿಕಾರ ರದ್ದು ಎಂದು ಕಾಗದ ಮಾಡಿಸಲು ಅದೇ ದಿನ ಓಡಿದೆವು. ಈ ಸಲ ಪ್ರತಿ ಅಕ್ಷರ ಓದಿದೆ. ಹಮೀದಾಕ ಅಂಗಡಿ ಮುಚ್ಚಿ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ಕಾಗದ ಊರಿಗೆ ತಲುಪಿದಾಗ ಮನೆ ದೊಡ್ಡ ಪಟ್ಟಣದ ಯಾರದೋ ಹೆಸರಿಗೆ ಆಗಿ ಹದಿನಾರು ದಿನವಾಗಿತ್ತು. ನಾನು ಸುಮ್ಮನಿದ್ದದ್ದು ಇಪ್ಪತ್ತೊಂದು ದಿನ.

“ಖಲಾಸ್ ಬಾಯಿ” ಎಂದರು ಹಮೀದಾಕ. “ಇನ್ನು ಅವಳ ಹತ್ರ ಊರಿಗೆ ಹೋಗು ಅಂತ ಮಾತ್ರ ಹೇಳ್ಬೇಡಿ.”

ವಿಲ್ಲಾದ ಗೇಟಿಗೆ ಅದೇ ತಿಂಗಳು ನೋಟೀಸು ಅಂಟಿಸಿದರು. ಪ್ಲೈವುಡ್ ಗೋಡೆಗಳನ್ನು ಒಡೆಯುವ ಸದ್ದಿನ ನಡುವೆ ಹನ್ನೊಂದು ಕೋಣೆಯವರೂ ಪೆಟ್ಟಿಗೆ ಕಟ್ಟಿದೆವು. ರಹ್ಮಾ ಡಿಸೆಂಬರಿನಲ್ಲಿ ಊರಿಗೆ ಹೋಗಲಿಲ್ಲ, ಕಾಂಟ್ರಾಕ್ಟನ್ನು ಮತ್ತೆರಡು ವರ್ಷ ಮುಂದುವರಿಸಿದಳು. “ಹೋಗಿ ಎಲ್ಲಿ ಇಳಿಯಲಿ ಅಕ್ಕಾ? ನೆಂಟಳ ಹಾಗೆ ಯಾರ ಮನೆಗೆ ಹೋಗಲಿ?” ಎಂದು ಕೇಳಿದ್ದಳು. ಹೊರಡುವಾಗ ಬಿಂಬುಳಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಬೇಡವೆಂದರೂ ಕೇಳಲಿಲ್ಲ. ನಾನದನ್ನು ಒಂದು ದಿನವೂ ಸಾರಿಗೆ ಹಾಕಿಲ್ಲ, ಎಸೆಯುವ ಧೈರ್ಯವೂ ಬಂದಿಲ್ಲ. ಈಗ ಅವಳ ಹಳೆಯ ನಂಬರು ಹೋಗುವುದಿಲ್ಲ.

ಮೆಟ್ಟಿಲಿನಿಂದ ಚೀಲ ಎತ್ತಿಕೊಂಡು ಮನೆಗೆ ಬಂದಾಗ ಶರಲ್ ಸೋಫಾದಲ್ಲಿ ಫೋನು ಹಿಡಿದು ಕೂತಿದ್ದಳು. ಕ್ರಿಸ್ಮಸ್ ರಜೆಗೆ ಎಲ್ಲಿಗಾದರೂ ಹೋಗಬೇಕೆಂದು ಅಪ್ಪ ಮಗಳಿಗೆ ವಾರದಿಂದ ಅದೇ ಹುಡುಕಾಟ. “ಮಮ್ಮಿ, ಲುಕ್! ಸೋ ಪ್ರೆಟ್ಟಿ!” ಎಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು.

ಮರದ ಮೆಟ್ಟಿಲು, ಕೆಳಗೆ ಕಲ್ಲು, ಕಲ್ಲಿನ ಪಕ್ಕ ಗುಡಾಣ. ಗುಡಾಣದ ಹತ್ತಿರ ಹಸಿರು ಯೂನಿಫಾರಂ ತೊಟ್ಟ ಹುಡುಗಿಯೊಬ್ಬಳು ಬಗ್ಗಿ, ಚಿಪ್ಪಿನ ಸೌಟಿನಿಂದ ಯಾರೋ ಬಿಳಿಯನ ಕಾಲಿಗೆ ನೀರು ಹಾಕುತ್ತಿದ್ದಳು. ನಿಸಾ. ಹಿಂದೆ ಗಾಳಿಮರಗಳ ಸಾಲು ಇರಲಿಲ್ಲ. ಫೋಟೋದ ಕೆಳಗೆ ನನ್ನದೇ ಇಂಗ್ಲಿಷು, ಒಂದು ಅಲ್ಪವಿರಾಮವೂ ಬದಲಾಗಿಲ್ಲ. ಅಂಕಿ ಒಂದನ್ನು ಮಾತ್ರ ತಿದ್ದಿದ್ದರು. ಮೂವತ್ತು ಹೆಜ್ಜೆಗೆ ಸಮುದ್ರ.

“ಈ ಡಿಸ್ಕ್ರಿಪ್ಶನ್ ಯಾರು ಬರೆದ್ರೋ, ಸೋ ನೈಸ್” ಎಂದಳು ಶರಲ್.

ಅವಳ ಕೈಯಿಂದ ಫೋನು ತೆಗೆದುಕೊಂಡು ಆ ಪುಟವನ್ನು ಮೇಲಿಂದ ಕೆಳಗಿನವರೆಗೆ ಪೂರ್ತಿ ಓದಿದೆ. ಬೆಟ್ಟದ ಮಾತು ಎಲ್ಲಿಯೂ ಇಲ್ಲ. ಕೊನೆಯಲ್ಲಿ ಪ್ರಶ್ನೆ ಕೇಳಲು ಜಾಗವಿತ್ತು. ಹೆಸರು ಹಾಕದೆ, ಮನೆಯಿಂದ ಬೆಟ್ಟಕ್ಕೆ ಎಷ್ಟು ಹೆಜ್ಜೆ ಎಂದು ಬರೆದೆ. ಕುಕ್ಕರಿಗೆ ಅನ್ನ ಇಟ್ಟು ಬರುವಷ್ಟರಲ್ಲಿ ಉತ್ತರ ಬಂದಿತ್ತು.

“ನಮಸ್ಕಾರ. ಒಂಬೈನೂರ ಇಪ್ಪತ್ತು ಇತ್ತು. ಈಗ ಆ ದಾರಿಗೆ ಬೇಲಿ ಹಾಕಿದ್ದಾರೆ, ಹೋಗಲು ಆಗುವುದಿಲ್ಲ. ಆದರೆ ಸಮುದ್ರ ಬಹಳ ಹತ್ತಿರ ಇದೆ. ದಯವಿಟ್ಟು ಬನ್ನಿ. ನಿಸಾ, ಅತಿಥಿ ಸೇವೆ.”